ಘಟ್ಟದವರು ಕಡಲಿಗೆ ಹೋದ ದಾರಿ

ನಗರ ಸೀಮೆಯವರಾದ ನಮಗೆ ಕಡಲು ಒಂದು ವಿಚಿತ್ರ ನೆರೆ. ಸಾಗರ, ಹೊಸನಗರ, ತೀರ್ಥಹಳ್ಳಿಗಳ ಯಾವ ಮನೆಯ ಅಂಗಳದಲ್ಲಿ ನಿಂತರೂ ಅದು ಕಾಣುವುದಿಲ್ಲ. ಆದರೆ ಜೂನ್ ತಿಂಗಳು ಬಂದಿತೆಂದರೆ ಅದೇ ಕಡಲು ಮೋಡವಾಗಿ ಘಟ್ಟ ಹತ್ತಿ ನಮ್ಮ ಮಾಡಿನ ಮೇಲೆ ಸುರಿಯುತ್ತದೆ. ಆಗುಂಬೆಯ ತಿರುವಿನಲ್ಲೋ ಕೊಡಚಾದ್ರಿಯ ನೆತ್ತಿಯಲ್ಲೋ ನಿಂತವರಿಗೆ, ಆಕಾಶ ತಿಳಿಯಾಗಿದ್ದ ಸಂಜೆ, ಪಡುವಣ ಅಂಚಿನಲ್ಲಿ ಬೆಳ್ಳಿಯ ಗೆರೆಯಂತೆ ಅದು ಹೊಳೆಯುವುದುಂಟು. ಸಾಗರ ಪೇಟೆಯಿಂದ ಹೊನ್ನಾವರಕ್ಕೆ ಸುಮಾರು 90 ಕಿಲೋಮೀಟರು. ಬೆಳಗಿನ ತಿಂಡಿ ಮುಗಿಸಿ ಹೊರಟ ಸಂಸಾರ ಮಧ್ಯಾಹ್ನದ ಊಟದ ಹೊತ್ತಿಗೆ ಮರಳ ಮೇಲೆ ಇರಬಹುದು. ಇಂದು ಹೀಗೆ ಹೋಗುವವರು ಸಾವಿರಾರು ಮಂದಿ. ಆದರೆ ಏನೂ ಕೆಲಸವಿಲ್ಲದೆ, ಯಾವ ವ್ರತವೂ ಇಲ್ಲದೆ, ಮಾರುವುದೂ ಕೊಳ್ಳುವುದೂ ಇಲ್ಲದೆ, ಕೇವಲ ಅಡ್ಡಾಡುವುದಕ್ಕಾಗಿ ಹೆಂಡಿರು ಮಕ್ಕಳೊಡನೆ ಕಡಲ ದಂಡೆಗೆ ಹೋಗುವ ಪದ್ಧತಿ ನಮ್ಮಲ್ಲಿ ಎಂದಿನಿಂದ ಬಂದಿತು? ಅದಕ್ಕೂ ಮುಂಚೆ ನಮ್ಮ ಹಿರಿಯರು ಆ ದಾರಿಯಲ್ಲಿ ಏತಕ್ಕಾಗಿ ನಡೆದರು? ಈ ಎರಡು ಪ್ರಶ್ನೆಗಳನ್ನು ಈ ಭಾಷಣದಲ್ಲಿ ಸ್ವಲ್ಪ ವಿಚಾರಿಸಬೇಕೆಂದಿದ್ದೇನೆ.

ಹೊನ್ನಾವರದ ಹತ್ತಿರ, ಶರಾವತಿ ಕಡಲನ್ನು ಸೇರುವ ಅಳಿವೆಯ ಪಕ್ಕದ ಕಾಸರಕೋಡಿನಲ್ಲಿ, ಅರಣ್ಯ ಇಲಾಖೆಯವರು ಕಾಂಡ್ಲ ವನದ ನಡುವೆ ಎತ್ತರಿಸಿದ ಒಂದು ನಡಿಗೆದಾರಿಯನ್ನು ಕಟ್ಟಿಸಿದ್ದಾರೆ. ಕಾಲಿಗೆ ಕೆಸರು ಹತ್ತದಂತೆ, ಗಿಡಗಳ ಬೇರಿಗೆ ತುಳಿತ ಬೀಳದಂತೆ, ನೀರಿನ ಮೇಲೆಯೇ ನಡೆದುಹೋಗಬಹುದು. ಇದನ್ನು 'ಬೋರ್ಡ್‌ವಾಕ್' ಎನ್ನುತ್ತಾರೆ. ಹೆಸರು ಹೊಸದು, ವಸ್ತು ಮಾತ್ರ ಮಲೆನಾಡಿನವರಿಗೆ ಹೊಸದಲ್ಲ. ಮಳೆಗಾಲದಲ್ಲಿ ಹಳ್ಳ ದಾಟಲು ಅಡಕೆಯ ಮರವನ್ನೋ ಕಾಡುಮರದ ದಿಮ್ಮಿಯನ್ನೋ ಅಡ್ಡಹಾಕಿ ಮಾಡಿದ ಸಂಕದ ಮೇಲೆ ನಮ್ಮ ಮಕ್ಕಳು ಶಾಲೆಗೆ ಹೋದವರೇ. ಸಂಕ ಅಗತ್ಯಕ್ಕೆ ಹುಟ್ಟಿದ್ದು, ಈ ನಡಿಗೆದಾರಿ ವಿಹಾರಕ್ಕೆ ಹುಟ್ಟಿದ್ದು. ಇವೆರಡರ ನಡುವಣ ಅಂತರವೇ ನಾನು ಹೇಳಹೊರಟ ಚರಿತ್ರೆ.

ಘಟ್ಟದ ಮೇಲಿನವರನ್ನು ಮೊದಲು ಕಡಲಿಗೆ ಎಳೆದದ್ದು ಮೆಣಸು. ನಮ್ಮ ತೋಟಗಳ ಕಾಳುಮೆಣಸು ಎತ್ತಿನ ಹೇರಿನ ಮೇಲೆ ಘಟ್ಟ ಇಳಿದು ಗೇರುಸೊಪ್ಪೆಗೆ ಬರುತ್ತಿತ್ತು. ಅಲ್ಲಿಂದ ದೋಣಿಯಲ್ಲಿ ಶರಾವತಿಯ ಹರಿವಿನೊಡನೆ ಹೊನ್ನಾವರದ ಬಂದರಿಗೆ. 14ನೆಯ ಶತಮಾನದ ನಡುಭಾಗದಲ್ಲಿ ಹೊನ್ನಾವರಕ್ಕೆ ಬಂದಿದ್ದ ಇಬ್ನ್ ಬತೂತ ಆ ಊರಿನಲ್ಲಿ ಹೆಣ್ಣುಮಕ್ಕಳಿಗೆ 13, ಗಂಡುಮಕ್ಕಳಿಗೆ 23 ಶಾಲೆಗಳಿದ್ದುವೆಂದು ಬರೆದಿಟ್ಟಿದ್ದಾನೆ. ಬಂದರಿನ ಸಂಪತ್ತು ಬರಿಯ ಮಳಿಗೆಗಳನ್ನಷ್ಟೇ ಬೆಳೆಸಿರಲಿಲ್ಲವೆಂಬುದಕ್ಕೆ ಇದೊಂದು ಸಾಕ್ಷಿ. 16ನೆಯ ಶತಮಾನದ ಉತ್ತರಾರ್ಧದಲ್ಲಿ ಗೇರುಸೊಪ್ಪೆಯನ್ನು ಆಳಿದ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಆಕೆಯ ರಾಜಧಾನಿಯ ಪೈಕಿ ಇಂದಿಗೂ ಕಾಡಿನ ನಡುವೆ ನಿಂತಿರುವುದು ಚತುರ್ಮುಖ ಬಸದಿ. ನಾಲ್ಕು ದಿಕ್ಕಿಗೂ ಬಾಗಿಲು ತೆರೆದಿರುವ ಆ ಬಸದಿ, ನಾಲ್ಕು ದಿಕ್ಕಿನಿಂದ ಜನ ಬರುತ್ತಿದ್ದ ಪಟ್ಟಣಕ್ಕೆ ತಕ್ಕದ್ದಾಗಿಯೇ ಇದ್ದಿತು.

ಕೆಳದಿಯ ವೆಂಕಟಪ್ಪನಾಯಕನು ಗೇರುಸೊಪ್ಪೆಯನ್ನು ಗೆದ್ದು ಹೆಚ್ಚು ಕಾಲವಾಗಿರಲಿಲ್ಲ. 1623ರಲ್ಲಿ ಪಿಯೆತ್ರೋ ದೆಲ್ಲಾ ವಾಲೆ ಎಂಬ ಇಟಲಿಯ ಪ್ರವಾಸಿಯು ಪೋರ್ಚುಗೀಸರ ರಾಯಭಾರಿಯ ಜೊತೆಯಲ್ಲಿ ಗೋವೆಯಿಂದ ಹೊನ್ನಾವರಕ್ಕೆ ಬಂದು, ಅಲ್ಲಿಂದ ಹೊಳೆಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ ಸಾಗಿ, ಘಟ್ಟವೇರಿ ಇಕ್ಕೇರಿಯನ್ನು ತಲಪಿದನು. ಅವನ ಪತ್ರಗಳನ್ನು ಓದಿದರೆ ಇದು ಇಂದಿನ ನಮ್ಮ ಪ್ರವಾಸದ ತಿರುವುಮುರುವು ಎನಿಸುತ್ತದೆ: ನಾವು ಕಡಲನ್ನು ನೋಡಲು ಇಳಿಯುತ್ತೇವೆ, ಅವನು ಕಾಡನ್ನು ನೋಡುತ್ತ ಏರಿದನು. ಆ ಹೊಳೆಯ ಚೆಲುವಿಗೆ ಅವನು ಮನಸೋತನು. ಹಾಳುಬಿದ್ದು ಗಿಡಗಂಟಿ ಬೆಳೆದಿದ್ದ ಗೇರುಸೊಪ್ಪೆಯನ್ನು ಕಂಡು ಮರುಗಿದನು. ಘಟ್ಟದ ಮೇಲಿನ ಒಂದು ಗುಡಿಯ ಜಗಲಿಯಲ್ಲಿ ಹುಡುಗರು ನೆಲದ ಮೇಲೆ ಮರಳು ಹರಡಿಕೊಂಡು, ಬೆರಳಿನಿಂದ ಬರೆಯುತ್ತ, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ ವಿವರವಾಗಿ ಬರೆದನು. ಇಕ್ಕೇರಿಯ ಬೀದಿಗಳಲ್ಲಿ ಹೆಣ್ಣುಮಕ್ಕಳು ಕೋಲಾಟವಾಡುತ್ತಿದ್ದುದೂ ಅವನ ಕಣ್ಣಿಗೆ ಬಿದ್ದಿತು. ಬೇರೆ ಊರಿಗೆ ಹೋದವನು ಏನು ನೋಡಬೇಕೆಂಬುದಕ್ಕೆ ಇದಕ್ಕಿಂತ ಒಳ್ಳೆಯ ಮೇಲ್ಪಂಕ್ತಿ ಬೇಕಿಲ್ಲ.

ಕೆಳದಿಯ ಅರಸರಿಗೆ ಕಡಲು ವಿಹಾರದ ತಾಣವಾಗಿರಲಿಲ್ಲ, ರಾಜ್ಯದ ಹೆಬ್ಬಾಗಿಲಾಗಿತ್ತು. ಘಟ್ಟದ ಮೇಲೆ ಬಿದನೂರಿನಲ್ಲಿ ಕುಳಿತು ಆಳಿದ ಶಿವಪ್ಪನಾಯಕನು 1650ರ ದಶಕದಲ್ಲಿ ಕರಾವಳಿಯ ಪೋರ್ಚುಗೀಸರ ಕೋಟೆಗಳನ್ನು ಒಂದೊಂದಾಗಿ ವಶಪಡಿಸಿಕೊಂಡನು. ಹೊನ್ನಾವರದ ಎದುರಿಗೆ ನೀರಿನ ನಡುವೆ ನಿಂತಿರುವ ಬಸವರಾಜದುರ್ಗವೆಂಬ ದ್ವೀಪದ ಕೋಟೆಯು ಇಂದಿಗೂ ಕೆಳದಿಯ ಬಸವಪ್ಪನಾಯಕನ ಹೆಸರನ್ನು ಹೊತ್ತಿದೆ. 1763ರಲ್ಲಿ ಹೈದರಾಲಿ ಬಿದನೂರನ್ನು ಹಿಡಿದು ಅದಕ್ಕೆ ಹೈದರನಗರವೆಂದು ಹೆಸರಿಟ್ಟಾಗ, ಅವನ ಕೈಗೆ ಬಂದುದು ಬೆಟ್ಟದ ರಾಜಧಾನಿಯೊಂದೇ ಅಲ್ಲ, ಅದರೊಡನೆ ಕಡಲಿಗೆ ಇಳಿಯುವ ದಾರಿಗಳೂ ಬಂದುವು. ನಮ್ಮ 'ನಗರ' ಎಂಬ ಹೆಸರು ಆ ದಿನದಿಂದ ಉಳಿದು ಬಂದದ್ದು.

ಅರಸರ ಮಾತು ಹಾಗಾಯಿತು. ಸಾಮಾನ್ಯರು ಏಕೆ ಇಳಿಯುತ್ತಿದ್ದರು? ಮೊದಲನೆಯ ಉತ್ತರ ಉಪ್ಪು. ಮೇಲಿನಿಂದ ಮೆಣಸು, ಅಡಕೆ, ಏಲಕ್ಕಿಗಳು ಇಳಿದರೆ, ಕೆಳಗಿನಿಂದ ಉಪ್ಪು, ತೆಂಗಿನಕಾಯಿ, ಒಣಮೀನುಗಳು ಏರುತ್ತಿದ್ದುವು. ಘಟ್ಟದ ಕೆಳಗಿನವರೂ ಮೇಲಿನವರೂ ಪರಸ್ಪರ ಎಷ್ಟೇ ಹಾಸ್ಯಮಾಡಿಕೊಂಡರೂ ಒಬ್ಬರ ಒಲೆ ಇನ್ನೊಬ್ಬರಿಲ್ಲದೆ ಉರಿಯುತ್ತಿರಲಿಲ್ಲ. ಎರಡನೆಯ ಉತ್ತರ ಪುಣ್ಯ. ಅಶ್ವತ್ಥವನ್ನು ಶನಿವಾರದಲ್ಲಿ, ಸಮುದ್ರವನ್ನು ಪರ್ವದಿನದಲ್ಲಿ ಮಾತ್ರ ಮುಟ್ಟಬೇಕೆಂಬುದು ಹಿಂದಿನವರ ಕಟ್ಟಳೆ. ಶಿವರಾತ್ರಿಗೆ ಗೋಕರ್ಣಕ್ಕೆ ಹೋಗಿ, ಕಡಲಲ್ಲಿ ಮುಳುಗಿ, ಕೋಟಿತೀರ್ಥದಲ್ಲಿ ಮಿಂದು, ಮಹಾಬಲೇಶ್ವರನಿಗೆ ಕೈಮುಗಿದು ಬರುವುದು ಅನೇಕ ಮನೆತನಗಳಲ್ಲಿ ನಡೆದುಕೊಂಡು ಬಂದದ್ದು. ಈ ಕಟ್ಟಳೆಯನ್ನು ಮೂಢನಂಬಿಕೆಯೆಂದು ಒಂದೇ ಮಾತಿಗೆ ತಳ್ಳಿಹಾಕುವುದು ಸುಲಭ. ಆದರೆ ಕಡಲು ಆಟದ ಸಾಮಾನಲ್ಲ, ಅದನ್ನು ಮುಟ್ಟುವುದಕ್ಕೆ ಒಂದು ಹೊತ್ತು, ಒಂದು ರೀತಿ ಉಂಟು ಎಂಬ ತಿಳಿವು ಅದರಲ್ಲಿದ್ದಿತು.

ಕಡಲ ದಂಡೆಯನ್ನು ವಿಹಾರಸ್ಥಾನವಾಗಿ ಕಾಣುವ ದೃಷ್ಟಿ ಪಡುವಣ ದೇಶಗಳಿಂದ ಬಂದದ್ದು. ಅಲ್ಲಿಯೂ ಅದು ಬಹಳ ಹಳೆಯದಲ್ಲ. 18ನೆಯ ಶತಮಾನದಲ್ಲಿ ಇಂಗ್ಲೆಂಡಿನ ವೈದ್ಯರು ಉಪ್ಪುನೀರಿನ ಸ್ನಾನವನ್ನು ಔಷಧವೆಂದು ಹೇಳತೊಡಗಿದ ಮೇಲೆ ಶ್ರೀಮಂತರು ದಂಡೆಗೆ ಬಂದರು. ರೈಲು ಬಂದ ಮೇಲೆ ಉಳಿದವರೂ ಬಂದರು. ಅಮೆರಿಕದ ಅಟ್ಲಾಂಟಿಕ್ ಸಿಟಿಯಲ್ಲಿ 1870ರಲ್ಲಿ ಹಲಗೆ ಹಾಸಿದ ಪ್ರಸಿದ್ಧವಾದ ನಡಿಗೆದಾರಿ ನಿರ್ಮಾಣವಾಯಿತು. ಅದರ ಕಾರಣ ಕೇಳಿದರೆ ನಗು ಬರುತ್ತದೆ: ದಂಡೆಯಲ್ಲಿ ಅಡ್ಡಾಡಿ ಬಂದವರ ಪಾದರಕ್ಷೆಗಳ ಮರಳು ರೈಲುಗಾಡಿಯ ಡಬ್ಬಿಗಳಲ್ಲೂ ಹೋಟೆಲುಗಳ ನೆಲದಲ್ಲೂ ತುಂಬಿಕೊಳ್ಳುತ್ತಿತ್ತಂತೆ! ಮರಳನ್ನು ತಡೆಯಲು ಹಾಸಿದ ಹಲಗೆಯೇ ಮುಂದೆ ಅಂಗಡಿ, ಸಂಗೀತ, ಜನಜಂಗುಳಿಗಳ ರಾಜಬೀದಿಯಾಯಿತು. ನಮ್ಮ ಕಡೆ ಮದರಾಸಿನಲ್ಲಿ 1880ರ ದಶಕದಲ್ಲಿ ಗವರ್ನರ್ ಗ್ರ್ಯಾಂಟ್ ಡಫ್ ಮರೀನಾದ ವಿಹಾರಮಾರ್ಗವನ್ನು ಮಾಡಿಸಿದನು. ಅದೇ ಕಾಲದಲ್ಲಿ, 1883ರಲ್ಲಿ, ಕಾರವಾರದಲ್ಲಿ ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದ ತರುಣ ರವೀಂದ್ರನಾಥ ಠಾಕೂರರು ಅಲ್ಲಿಯ ಕಡಲನ್ನು ಕಂಡು, 'ಪ್ರಕೃತಿಯ ಪ್ರತಿಶೋಧ' ನಾಟಕವನ್ನು ಬರೆದರು. ನಮ್ಮ ಕರಾವಳಿಯ ದಂಡೆಗೆ ಬಂಧುಗಳೊಡನೆ ಹೋಗಿ, ಸುಮ್ಮನೆ ಕುಳಿತು, ಕಡಲನ್ನು ಕಡಲಾಗಿಯೇ ನೋಡಿದ ಹೊಸಗಾಲದ ಪ್ರವಾಸಿಗಳಲ್ಲಿ ಅವರನ್ನು ಮೊದಲಿಗರೆನ್ನಬಹುದೇನೋ. ಇಂದು ಕಾರವಾರದ ದಂಡೆ ಅವರ ಹೆಸರಿನಲ್ಲೇ ಇದೆ.

ಇಷ್ಟರಲ್ಲಿ ಮೇಲಿನ ಹೊಳೆಯ ಕಥೆ ಬೇರೆಯಾಯಿತು. ಶರಾವತಿ ಹುಟ್ಟುವುದು ತೀರ್ಥಹಳ್ಳಿ ತಾಲ್ಲೂಕಿನ ಅಂಬುತೀರ್ಥದಲ್ಲಿ, ಹರಿಯುವುದು ಹೊಸನಗರ, ಸಾಗರಗಳಲ್ಲಿ, 253 ಮೀಟರು ಧುಮುಕುವುದು ಜೋಗದಲ್ಲಿ, ಕೊನೆಗಾಣುವುದು ಹೊನ್ನಾವರದಲ್ಲಿ. ಇಡಿಯ ಪಯಣ ಸುಮಾರು 128 ಕಿಲೋಮೀಟರು. ಈ ಹೊಳೆಗೆ ಮೊದಲು ಹಿರೇಭಾಸ್ಕರದಲ್ಲಿ, ಬಳಿಕ 1964ರಲ್ಲಿ ಲಿಂಗನಮಕ್ಕಿಯಲ್ಲಿ ಕಟ್ಟೆ ಬಿದ್ದಿತು. ನಾಡಿಗೆಲ್ಲ ಬೆಳಕು ಬಂದಿತು. ಸಾಗರ, ಹೊಸನಗರ ತಾಲ್ಲೂಕುಗಳ ಎಷ್ಟೋ ಹಳ್ಳಿಗಳು, ತೋಟ ಗದ್ದೆಗಳು, ದೇವಸ್ಥಾನಗಳು ನೀರಿನಡಿಗೆ ಹೋದುವು. ಹಿರೇಭಾಸ್ಕರದ ಕಟ್ಟೆಯೇ ಲಿಂಗನಮಕ್ಕಿಯ ನೀರಿನಲ್ಲಿ ಮುಳುಗಿ, ಬೇಸಗೆಯಲ್ಲಿ ನೀರಿಳಿದಾಗ ಮಾತ್ರ ತಲೆಯೆತ್ತುತ್ತದೆ. ಒಕ್ಕಲೆದ್ದವರಲ್ಲಿ ಅನೇಕರಿಗೆ ಕೊಟ್ಟ ನೆಲದ ಹಕ್ಕುಪತ್ರ ದಶಕಗಳು ಕಳೆದರೂ ಕೈಸೇರಲಿಲ್ಲ. ಸಾಗರದಲ್ಲಿದ್ದುಕೊಂಡು ಈ ನೋವನ್ನು ಕಣ್ಣಾರೆ ಕಂಡ, 2025ರ ಜನವರಿಯಲ್ಲಿ ನಮ್ಮನ್ನಗಲಿದ ನಾ. ಡಿಸೋಜರು 'ಮುಳುಗಡೆ', 'ದ್ವೀಪ' ಕಾದಂಬರಿಗಳಲ್ಲಿ ಅದನ್ನು ಕನ್ನಡಕ್ಕೆ ಉಳಿಸಿಕೊಟ್ಟರು. ಹಿನ್ನೀರಿನಾಚೆ ಉಳಿದ ಕರೂರು ಹೋಬಳಿಯವರು ಲಾಂಚಿಗಾಗಿ ಕಾದು ಕಾದು ಎರಡು ತಲೆಮಾರು ಕಳೆದ ಮೇಲೆ, 2025ರ ಜುಲೈಯಲ್ಲಿ ಅಂಬಾರಗೋಡ್ಲಿನಿಂದ ಕಳಸವಳ್ಳಿಗೆ ಸೇತುವೆ ತೆರೆಯಿತು.

ಕಡಲ ದಂಡೆಯ ವಿಹಾರಕ್ಕೂ ಈ ಮಾತಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವಿದೆ. ಮಲೆನಾಡಿನ ಸಂಸಾರವೊಂದು ಕಾಸರಕೋಡಿನ ನಡಿಗೆದಾರಿಯ ಮೇಲೆ ನಿಂತಾಗ ಅವರ ಕಾಲ ಕೆಳಗೆ ಸರಿಯುವ ನೀರು ಅವರ ಊರಿನದೇ. ವಿದ್ಯುತ್ತನ್ನು ತಯಾರಿಸಿ ಬಿಟ್ಟ ಸಿಹಿನೀರು ಬೇಸಗೆಯಲ್ಲೂ ಇಳಿದು ಬರುವುದರಿಂದ ಅಳಿವೆಯ ಉಪ್ಪಿನಂಶ ತಗ್ಗಿ, ಅಲ್ಲಿಯ ಮೀನು ಚಿಪ್ಪುಗಳ ಬಾಳು ಬದಲಾಗಿದೆಯೆಂದು ಅಳಿವೆಯನ್ನು ಅಭ್ಯಾಸ ಮಾಡಿದವರು ಹೇಳಿದ್ದಾರೆ. ಮೇಲೆ ತೋಟ ಕಳೆದುಕೊಂಡವನ ಕಷ್ಟವೂ ಕೆಳಗೆ ಬಲೆ ಹಗುರಾದವನ ಕಷ್ಟವೂ ಒಂದೇ ಹೊಳೆಯ ಎರಡು ತುದಿಗಳು.

ಆದ್ದರಿಂದ ಮಕ್ಕಳನ್ನು ಕರೆದುಕೊಂಡು ಹೋಗುವವರಿಗೆ ನನ್ನದೊಂದು ಸೂಚನೆ: ನೇರವಾಗಿ ದಂಡೆಗೆ ಓಡಬೇಡಿ, ಹೊಳೆಯ ಜೊತೆಯಲ್ಲಿ ಇಳಿಯಿರಿ. ಜೋಗದಲ್ಲಿ ಒಂದು ಗಳಿಗೆ ನಿಲ್ಲಿ. ಗೇರುಸೊಪ್ಪೆಯ ಬಸದಿಯಲ್ಲಿ ಮೆಣಸಿನ ರಾಣಿಯ ಕಥೆಯನ್ನು ಹೇಳಿ. ಹೊನ್ನಾವರದಲ್ಲಿ ದೋಣಿ ಹತ್ತಿ, ಎರಡು ಕಿಲೋಮೀಟರಿಗೂ ಮಿಗಿಲು ಉದ್ದದ ಕೊಂಕಣ ರೈಲ್ವೆಯ ಸೇತುವೆಯನ್ನು ನೀರಿನ ಮೇಲಿಂದ ತೋರಿಸಿ. ನಡಿಗೆದಾರಿಯಲ್ಲಿ ಮಕ್ಕಳು ಓಡದೆ ನಿಧಾನವಾಗಿ ನಡೆಯಲಿ. ಕಾಂಡ್ಲದ ಬೇರುಗಳು ಊರುಗೋಲಿನಂತೆ ಕೆಸರಿಗಿಳಿದಿರುವುದನ್ನೂ, ಉಪ್ಪಟಿಯ ಬೇರುಗಳು ಉಸಿರಿಗಾಗಿ ಕೆಸರಿನಿಂದ ಮೇಲಕ್ಕೆ ಚಾಚಿರುವುದನ್ನೂ ನೋಡಲಿ. ಕಾಂಡ್ಲದ ಬೀಜ ತಾಯಿಮರದ ಮೇಲೆಯೇ ಮೊಳೆತು, ಗಿಡವಾಗುವ ಸಿದ್ಧತೆಯೊಡನೆ ಕೆಳಗೆ ಬೀಳುತ್ತದೆ. ಅಲೆ ಎಳೆದುಕೊಂಡು ಹೋಗುವ ಜಾಗದಲ್ಲಿ ಮಗುವನ್ನು ಬರಿಗೈಯಲ್ಲಿ ಕಳಿಸಲಾಗದೆಂದು ಆ ಮರಕ್ಕೆ ತಿಳಿದಂತಿದೆ. ದಂಡೆಗೆ ಬಂದ ಮೇಲೆ ಮರಳಿನ ಮೇಲೆ ಬೆರಳಿನಿಂದ ಮಕ್ಕಳು ತಮ್ಮ ಹೆಸರು ಬರೆಯಲಿ. ಆ ಇಟಲಿಯವನು ಕಂಡ ಪಾಠಶಾಲೆ ಅಲ್ಲಿಯೂ ನಡೆಯಲಿ.

ಇನ್ನೊಂದು ಮಾತನ್ನು ಹೇಳದೆ ಮುಗಿಸುವಂತಿಲ್ಲ. ಘಟ್ಟದವರು ಹೊಳೆಯಲ್ಲಿ ಈಜಬಲ್ಲೆವೆಂಬ ಧೈರ್ಯದಿಂದ ಕಡಲಿಗಿಳಿಯುವುದುಂಟು. ಹೊಳೆಯ ಸೆಳೆತ ಬೇರೆ, ಅಲೆ ಹಿಂದಿರುಗುವಾಗಿನ ಸೆಳೆತ ಬೇರೆ. 2024ರ ಡಿಸೆಂಬರಿನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ಶಾಲಾಬಾಲಕಿಯರು ನೀರುಪಾಲಾದರು. ಅವರು ಕೋಲಾರದ ಕಡೆಯ ಮಕ್ಕಳು. ಕಡಲಿನ ಗುಣವನ್ನು ಬಲ್ಲ ಬಾಲ್ಯ ಅವರದಾಗಿರಲಿಲ್ಲ. ಸಮುದ್ರವನ್ನು ಮುಟ್ಟುವುದಕ್ಕೆ ಒಂದು ಹೊತ್ತುಂಟು ಎಂದ ಹಿರಿಯರ ಕಟ್ಟಳೆ ಇಲ್ಲಿ ನೆನಪಾಗುತ್ತದೆ. ಪಂಚಾಂಗವನ್ನು ನೋಡದಿದ್ದರೂ, ಕಾವಲಿನವರ ಮತ್ತು ಊರಿನ ಮೀನುಗಾರರ ಮಾತನ್ನು ಕೇಳಬೇಡವೇ?

ಆ ಮೀನುಗಾರರ ವಿಷಯವನ್ನೂ ನಾವು ಯೋಚಿಸಬೇಕು. ಕಾಸರಕೋಡಿನ ದಂಡೆಗೆ 2020ರಲ್ಲಿ ಶುಚಿತ್ವ, ಸುರಕ್ಷತೆಗಳಿಗಾಗಿ ಕೊಡುವ 'ನೀಲಿ ಬಾವುಟ'ದ ಅಂತರರಾಷ್ಟ್ರೀಯ ಮನ್ನಣೆ ದೊರೆಯಿತು, ಹೆಮ್ಮೆಯ ಮಾತೇ. ಅಲ್ಲಿಗೆ ಸಮೀಪದ ಟೊಂಕದ ಮರಳಿನಲ್ಲಿ ಕಡಲಾಮೆಗಳು ಬಂದು ಮೊಟ್ಟೆಯಿಡುತ್ತವೆ. ಅಲ್ಲಿಯೇ ಯೋಜಿತವಾದ ಖಾಸಗಿ ಬಂದರಿನಿಂದ ತಮ್ಮ ಮನೆ, ಮೀನು ಒಣಗಿಸುವ ನೆಲ ಹೋಗುವುದೆಂದು ಮೀನುಗಾರರು ವರ್ಷಗಟ್ಟಲೆ ಹೋರಾಡಿದ್ದಾರೆ. ಬಂದರು ಬೇಕೋ ಬೇಡವೋ ಎಂದು ತೀರ್ಪು ಹೇಳುವ ಅಧಿಕಾರ ನನಗಿಲ್ಲ. ಆದರೆ 'ನಾಡಿನ ಒಳಿತಿಗಾಗಿ ಏಳಿರಿ' ಎಂಬ ಮಾತನ್ನು ಒಮ್ಮೆ ಕೇಳಿ ಎದ್ದು ಬಂದ ಸೀಮೆಯವರು ನಾವು. ಎದ್ದು ಬಂದವರಿಗೆ ಏನಾಯಿತೆಂಬುದೂ ನಮಗೆ ಗೊತ್ತು. ಕಡಲ ಗಾಳಿಗೆಂದು ಹೋದವರು ಅಲ್ಲಿಯವರೊಡನೆ ಎರಡು ಮಾತಾಡಿ, ಅವರ ಕೈಯಿಂದ ಒಂದಷ್ಟು ಮೀನನ್ನೋ ಎಳನೀರನ್ನೋ ಕೊಂಡು, ಅವರ ಕಷ್ಟಸುಖ ಕೇಳಿ ಬಂದರೆ, ಉಪ್ಪು ಮೆಣಸುಗಳ ಕಾಲದಿಂದ ನಡೆದುಬಂದ ಹಳೆಯ ನೆಂಟಸ್ತಿಕೆ ಹರಿಯದೆ ಉಳಿಯುತ್ತದೆ. ದಾರಿಯೆನ್ನುವುದು ಎರಡು ಕಡೆಯವರಿಗೂ ಸೇರಿದ್ದು.