ಒಂದೇ ವರ್ತನೆ, ಬೇರೆ ಬೇರೆ ಕಾರಣ

ಸರಳ ಲೋಲಕದ ಪ್ರಯೋಗವನ್ನು ನೀವು ಮಾಡಿರುತ್ತೀರಿ, ಇಲ್ಲವೇ ಮಾಡಿಸಿರುತ್ತೀರಿ. ಆಂದೋಲನದ ಅವಧಿ ದಾರದ ಉದ್ದವನ್ನು ಅವಲಂಬಿಸಿದೆಯೇ, ಗುಂಡಿನ ದ್ರವ್ಯರಾಶಿಯನ್ನೇ? ಒಂದನ್ನು ಸ್ಥಿರವಾಗಿಟ್ಟು ಇನ್ನೊಂದನ್ನು ಬದಲಿಸಿದರಷ್ಟೇ ಉತ್ತರ ಸಿಗುತ್ತದೆ. ಇದೇ ತತ್ತ್ವ ಮಕ್ಕಳ ಒಂದು ಸಂಕಟಕರ ವರ್ತನೆಯ ಕಾರಣ ಹುಡುಕಲು ನೆರವಾದ ಬಗೆಯನ್ನು ನೋಡೋಣ.

ಆಟಿಸಂ ಅಥವಾ ತೀವ್ರ ಬೌದ್ಧಿಕ ಅಸಾಮರ್ಥ್ಯವಿರುವ ಕೆಲವು ಮಕ್ಕಳು ತಲೆಯನ್ನು ಗೋಡೆಗೆ ಬಡಿದುಕೊಳ್ಳುತ್ತಾರೆ, ಕೈ ಕಚ್ಚಿಕೊಳ್ಳುತ್ತಾರೆ. ಇದನ್ನು ಸ್ವ-ಹಾನಿ ವರ್ತನೆ ಎನ್ನುತ್ತಾರೆ. (ಮನೋವೇದನೆಯಿಂದ ಹದಿಹರೆಯದವರು ತಮ್ಮನ್ನು ಗಾಯಗೊಳಿಸಿಕೊಳ್ಳುವುದು ಬೇರೆ ವಿಷಯ. ಅದು ಈ ಲೇಖನದ ವ್ಯಾಪ್ತಿಗೆ ಬರುವುದಿಲ್ಲ.) ಹಿಂದೆ ಇಂಥ ಮಕ್ಕಳ ಕೈಕಾಲು ಕಟ್ಟಿಹಾಕುತ್ತಿದ್ದರು. 1960ರ ದಶಕದಲ್ಲಿ ಅಮೆರಿಕದಲ್ಲಿ ವಿದ್ಯುತ್ ಆಘಾತ ನೀಡಿ ಶಿಕ್ಷಿಸಿದ್ದೂ ಉಂಟು. ಮಗು ಹೀಗೇಕೆ ಮಾಡುತ್ತಿದೆ ಎಂಬ ಪ್ರಶ್ನೆಗೆ ಶಿಕ್ಷೆಯಲ್ಲಿ ಉತ್ತರವಿರಲಿಲ್ಲ.

ಮೊದಲ ಸುಳಿವುಗಳು

ಅದೇ ಕಾಲದಲ್ಲಿ ಎರಡು ಭಿನ್ನ ಸುಳಿವುಗಳು ದೊರೆತವು. 1964ರಲ್ಲಿ ಮೈಕೇಲ್ ಲೆಶ್ ಮತ್ತು ವಿಲಿಯಂ ನೈಹಾನ್, ಯೂರಿಕ್ ಆಮ್ಲದ ಹೆಚ್ಚಳದೊಂದಿಗೆ ತುಟಿ, ಬೆರಳುಗಳನ್ನು ಕಚ್ಚಿಕೊಳ್ಳುವ ಲಕ್ಷಣವಿರುವ ಆನುವಂಶಿಕ ರೋಗವೊಂದನ್ನು ವಿವರಿಸಿದರು. ಅದರ ಮೂಲ ಒಂದು ಕಿಣ್ವದ ಕೊರತೆ ಎಂದು 1967ರಲ್ಲಿ ತಿಳಿಯಿತು. ಇತ್ತ 1965ರಲ್ಲಿ ಐವರ್ ಲೋವಾಸ್ ಮತ್ತು ಸಂಗಡಿಗರು, ಬಾಲಕಿಯೊಬ್ಬಳು ಹೊಡೆದುಕೊಂಡ ಕೂಡಲೇ ಸಮಾಧಾನದ ಮಾತು ಹೇಳಿದರೆ ಆ ವರ್ತನೆ ಹೆಚ್ಚುವುದನ್ನು ಕಂಡರು. ಕರುಣೆಯೇ ಇಲ್ಲಿ ಪುನರ್ಬಲನವಾಗಿತ್ತು!

ಹಾಗಾದರೆ ಎಲ್ಲ ಮಕ್ಕಳೂ ಗಮನ ಸೆಳೆಯಲೆಂದೇ ಹೀಗೆ ಮಾಡುತ್ತಾರೆಯೇ? ಅಲ್ಲ. 1976ರಲ್ಲಿ ಎಡ್ವರ್ಡ್ ಕಾರ್ ಮತ್ತು ಸಂಗಡಿಗರು ಅಧ್ಯಯನ ಮಾಡಿದ ಹುಡುಗ, ಏನಾದರೂ ಮಾಡೆಂದು ಹೇಳಿದಾಗ ಹೊಡೆದುಕೊಳ್ಳುತ್ತಿದ್ದ; ಪಾಠ ಮುಗಿಯಿತೆಂಬ ಸೂಚನೆ ಸಿಕ್ಕೊಡನೆ ನಿಲ್ಲಿಸುತ್ತಿದ್ದ. ಅವನಿಗೆ ಬೇಕಾಗಿದ್ದುದು ಬಿಡುಗಡೆ. 1977ರಲ್ಲಿ ಕಾರ್ ಆವರೆಗಿನ ಪ್ರಾಕ್ಕಲ್ಪನೆಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿದರು.

ಬಾಲ್ಟಿಮೋರಿನ ಪ್ರಯೋಗ

ಒಂದು ನಿರ್ದಿಷ್ಟ ಮಗುವಿಗೆ ಯಾವ ಪ್ರಾಕ್ಕಲ್ಪನೆ ಸರಿ ಎಂದು ಪರೀಕ್ಷಿಸುವುದು ಹೇಗೆ? 1982ರಲ್ಲಿ ಬ್ರಯಾನ್ ಇವಾಟಾ ಮತ್ತು ಸಂಗಡಿಗರು ಬಾಲ್ಟಿಮೋರ್‌ನಲ್ಲಿ ಒಂಬತ್ತು ಮಂದಿಯ ಮೇಲೆ ನಡೆಸಿದ ಅಧ್ಯಯನವನ್ನು ಪ್ರಕಟಿಸಿದರು. ಪ್ರತಿಯೊಬ್ಬರನ್ನೂ ನಾಲ್ಕು ಸನ್ನಿವೇಶಗಳಲ್ಲಿ, ಒಂದೊಂದರಲ್ಲಿ 15 ನಿಮಿಷದಂತೆ, ಮತ್ತೆ ಮತ್ತೆ ಇರಿಸಿದರು. ಮೊದಲನೆಯದರಲ್ಲಿ, ಹೊಡೆದುಕೊಂಡರೆ ಮಾತ್ರ ದೊಡ್ಡವರು ಹತ್ತಿರ ಬಂದು ಕಾಳಜಿ ತೋರುತ್ತಿದ್ದರು. ಎರಡನೆಯದರಲ್ಲಿ ಪಾಠದ ಕೆಲಸ. ಹೊಡೆದುಕೊಂಡರೆ ಅದಕ್ಕೆ 30 ಸೆಕೆಂಡು ಬಿಡುವು. ಮೂರನೆಯದರಲ್ಲಿ ಆಟಿಕೆಯೂ ಇಲ್ಲ, ಜನರೂ ಇಲ್ಲ. ನಾಲ್ಕನೆಯದು ಆಟಿಕೆ, ಒಡನಾಟ ಎರಡೂ ಇದ್ದು ಒತ್ತಾಯವಿಲ್ಲದ ಸನ್ನಿವೇಶ. ಇದು ಹೋಲಿಕೆಗಾಗಿ ಇಟ್ಟ ನಿಯಂತ್ರಣ. ಅಪಾಯ ಹೆಚ್ಚದಂತೆ ವೈದ್ಯರ ಮೇಲ್ವಿಚಾರಣೆ ಇತ್ತು. ಅವಧಿಯನ್ನು ಯಾವಾಗ ನಿಲ್ಲಿಸಬೇಕೆಂಬುದನ್ನೂ ಮೊದಲೇ ನಿಗದಿಪಡಿಸಿದ್ದರು.

ಒಂಬತ್ತರಲ್ಲಿ ಆರು ಮಂದಿಯ ವರ್ತನೆ ಒಂದು ನಿರ್ದಿಷ್ಟ ಸನ್ನಿವೇಶದಲ್ಲಿ ಸತತವಾಗಿ ಹೆಚ್ಚಿತು. ಆದರೆ ಆ ಸನ್ನಿವೇಶ ಎಲ್ಲರಿಗೂ ಒಂದೇ ಆಗಿರಲಿಲ್ಲ. ಈ ವಿಧಾನಕ್ಕೆ ಕಾರ್ಯಾತ್ಮಕ ವಿಶ್ಲೇಷಣೆ ಎಂಬ ಹೆಸರಿದೆ. 1994ರಲ್ಲಿ ಇವಾಟಾ ತಂಡ ಇಂಥ 152 ವಿಶ್ಲೇಷಣೆಗಳ ಫಲಿತಾಂಶ ನೀಡಿತು. 58ರಲ್ಲಿ ಕೆಲಸದಿಂದ ಅಥವಾ ಅಹಿತಕರ ಸ್ಥಿತಿಯಿಂದ ಪಾರಾಗುವುದು, 40ರಲ್ಲಿ ಗಮನ ಅಥವಾ ವಸ್ತು ಪಡೆಯುವುದು, 39ರಲ್ಲಿ ವರ್ತನೆಯಿಂದಲೇ ಹುಟ್ಟುವ ಸಂವೇದನೆ ಕಾರಣವಾಗಿ ಕಂಡವು. ಉಳಿದ 15ರಲ್ಲಿ ಒಂದಕ್ಕಿಂತ ಹೆಚ್ಚು ಕಾರಣಗಳಿದ್ದವು, ಇಲ್ಲವೇ ಸ್ಪಷ್ಟ ಚಿತ್ರ ಮೂಡಲಿಲ್ಲ.

ತರಗತಿಯಲ್ಲಿ ಇದರ ಅರ್ಥ

ಇದರ ಮಹತ್ವವನ್ನು ಗಮನಿಸಿ. ಹೊಡೆದುಕೊಂಡ ಮಗುವನ್ನು ಪಾಠ ಬಿಡಿಸಿ ಮೂಲೆಯಲ್ಲಿ ಕೂರಿಸಿದಿರಿ ಎನ್ನೋಣ. ಗಮನ ಬಯಸುವ ಮಗುವಿನಲ್ಲಿ ವರ್ತನೆ ತಗ್ಗಬಹುದು. ಪಾಠದಿಂದ ಪಾರಾಗಬಯಸುವ ಮಗುವಿಗೆ ಅದೇ ಬಹುಮಾನ, ವರ್ತನೆ ಬಲಗೊಳ್ಳುತ್ತದೆ. ಕಾರಣ ತಿಳಿದರೆ ಬೇರೆ ದಾರಿಯಿದೆ. 1985ರಲ್ಲಿ ಕಾರ್ ಮತ್ತು ಮಾರ್ಕ್ ಡ್ಯೂರಂಡ್, ಸಹಾಯವನ್ನೋ ಗಮನವನ್ನೋ ಮಾತಿನಲ್ಲಿ ಕೇಳಲು ಮಕ್ಕಳಿಗೆ ಕಲಿಸಿದಾಗ ಸಮಸ್ಯೆಯ ವರ್ತನೆ ತಗ್ಗಿತು. ಆದರೆ ಕಲಿಸಿದ ಮಾತು ಆ ಮಗುವಿನ ಕಾರಣಕ್ಕೆ ಹೊಂದಬೇಕಿತ್ತು.

ಈ ಪ್ರಯೋಗವನ್ನು ಶಾಲೆಯಲ್ಲಿ ನೀವೇ ಮಾಡಬಾರದು. ಅದು ತರಬೇತಿ ಪಡೆದವರ ಕೆಲಸ. ಮೊದಲು ವೈದ್ಯರ ತಪಾಸಣೆ ಆಗಲಿ. ಕಿವಿಯ ಸೋಂಕಿನ ದಿನಗಳಲ್ಲಷ್ಟೇ ಸ್ವ-ಹಾನಿ ಕಾಣಿಸಿಕೊಂಡ ಪ್ರಕರಣ 1997ರಲ್ಲಿ ವರದಿಯಾಗಿದೆ. ನೀವು ಮಾಡಬಹುದಾದದ್ದು, ವರ್ತನೆಗೆ ಮುಂಚೆ ಏನಾಯಿತು, ಅನಂತರ ಏನಾಯಿತು ಎಂದು ವೇಳೆಯೊಂದಿಗೆ ಬರೆದಿಡುವುದು. ಬರಿಯ ವೀಕ್ಷಣೆ ಕಾರಣವನ್ನು ಸಾಬೀತುಪಡಿಸದು. ಆದರೆ ಯಾವ ಪ್ರಾಕ್ಕಲ್ಪನೆಯನ್ನು ಮೊದಲು ಪರೀಕ್ಷಿಸಬೇಕೆಂದು ತಜ್ಞರಿಗೆ ಅದು ತಿಳಿಸುತ್ತದೆ. ಮಾತಿನಲ್ಲಿ ಹೇಳಲಾರದ ಮಗುವಿನ ಪರವಾಗಿ ಆ ಟಿಪ್ಪಣಿಯೇ ಮಾತಾಡಬೇಕಾದೀತು.