ಮಾತು ತಡವಾದ ಮಕ್ಕಳು ಮತ್ತು ಡಾ. ಪ್ರತಿಭಾ ಕಾರಂತರ ಕೆಲಸ

ಮಗುವಿಗೆ ಮೂರು ವರ್ಷವಾದರೂ ಮಾತು ಬಾರದಿದ್ದರೆ ನಮ್ಮ ರೊದ್ದಂ, ಮಡಕಶಿರಾ, ಪಾವಗಡದ ಕಡೆ ಎರಡು ಸಮಾಧಾನ ಸಿದ್ಧವಿರುತ್ತವೆ. ‘ಅವರಪ್ಪನೂ ತಡವಾಗಿಯೇ ಮಾತಾಡಿದ್ದು, ಬಿಡಿ’ ಎಂಬುದು ಒಂದು. ‘ಮನೆಯಲ್ಲಿ ಕನ್ನಡ, ಬೀದಿಯಲ್ಲಿ ತೆಲುಗು, ಪಾಪ ಗೊಂದಲವಾಗಿದೆ’ ಎಂಬುದು ಇನ್ನೊಂದು. ಹೀಗೆ ಕಾಯುತ್ತಾ ಕಳೆದುಹೋಗುವ ವರ್ಷಗಳೇ ಆಟಿಸಂ (ಸ್ವಲೀನತೆ) ಇರುವ ಮಗುವಿಗೆ ಬಹಳ ಮುಖ್ಯವಾದವು. ಆ ವರ್ಷಗಳಿಗಾಗಿಯೇ ಒಂದು ತರಬೇತಿ ಪದ್ಧತಿ ಕಟ್ಟಿದವರು ಡಾ. ಪ್ರತಿಭಾ ಕಾರಂತ.

ಅವರು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಪ್ರಾಧ್ಯಾಪಕಿಯಾಗಿ, ವಾಕ್ ಚಿಕಿತ್ಸಾ ವಿಭಾಗದ ಮುಖ್ಯಸ್ಥೆಯಾಗಿ ದುಡಿದವರು. ಮೊದಲ ಸಂಶೋಧನೆ ಮಕ್ಕಳ ಮೇಲಲ್ಲ, ಮೆದುಳಿಗೆ ಪೆಟ್ಟಾಗಿ ಮಾತು ಅಥವಾ ಓದು ಕಳೆದುಕೊಂಡವರ ಮೇಲೆ. ಕನ್ನಡ, ಇಂಗ್ಲಿಷ್ ಎರಡೂ ಬಲ್ಲ, ಓದುವ ಶಕ್ತಿ ಕಳೆದುಕೊಂಡ ರೋಗಿಯೊಬ್ಬರ ಕುರಿತ ಅವರ ಲೇಖನ 1981ರಲ್ಲಿ ‘ಕಾರ್ಟೆಕ್ಸ್’ ಪತ್ರಿಕೆಯಲ್ಲಿ ಬಂತು. ಇಂಗ್ಲಿಷಿಗಾಗಿ ಮಾಡಿದ ಪರೀಕ್ಷೆಗಳು ನಮ್ಮ ಭಾಷೆಗೆ ಸಾಲವು ಎಂದು ಕನ್ನಡದಲ್ಲಿಯೇ ಭಾಷಾ ಪರೀಕ್ಷೆಯನ್ನೂ ರೂಪಿಸಿದರು.

2000ದಲ್ಲಿ ಬೆಂಗಳೂರಿನಲ್ಲಿ ‘ಕಾಮ್ ಡೀಲ್’ ಕಾರ್ಯಕ್ರಮ ಆರಂಭವಾಯಿತು. ಆರು ವರ್ಷದೊಳಗಿನ ಮಕ್ಕಳಿಗೆ ವಾರಕ್ಕೆ ಐದು ದಿನ, ದಿನಕ್ಕೆ ಮೂರು ಗಂಟೆ ತರಬೇತಿ. ಬರೀ ಮಾತಲ್ಲ: ಓಡಾಟ, ಕೈಬೆರಳ ಕೆಲಸ, ತಾನೇ ಉಣ್ಣುವುದು ತೊಡುವುದು, ಮಾತು ಗ್ರಹಿಸುವುದು, ಆಡುವುದು, ಯೋಚನೆ, ಇತರರೊಡನೆ ಬೆರೆಯುವುದು, ಭಾವನೆ, ಹೀಗೆ ಎಂಟು ಬಗೆಯ ಬೆಳವಣಿಗೆ. ಮಗುವಿಗೆ ಮಾತಾಡುವ ಮನಸ್ಸಿಲ್ಲ ಎಂದು ನಾವು ಅಂದುಕೊಂಡಿರುತ್ತೇವೆ; ನಾಲಿಗೆ ತುಟಿಗಳನ್ನು ಹೊಂದಿಸಲು ಬಾರದೆಯೂ ಇರಬಹುದು ಎಂದು ಕಾರಂತರು ಬಾಯಿಯ ಚಲನೆಗೆ ವಿಶೇಷ ಗಮನ ಕೊಟ್ಟರು. ಬಾಯಿಯ ವ್ಯಾಯಾಮದಿಂದ ಮಾತು ಬರುತ್ತದೆ ಎಂಬುದನ್ನು ಎಲ್ಲ ತಜ್ಞರೂ ಒಪ್ಪುವುದಿಲ್ಲ, ಅದನ್ನೂ ಹೇಳಬೇಕು. ಕಾರ್ಯಕ್ರಮದ ಫಲಿತಾಂಶಗಳು 2010ರಲ್ಲಿ ‘ಇಂಡಿಯನ್ ಜರ್ನಲ್ ಆಫ್ ಪೀಡಿಯಾಟ್ರಿಕ್ಸ್’ನಲ್ಲಿ ಪ್ರಕಟವಾದವು.

ಇನ್ನು ಎರಡು ಭಾಷೆಯ ಮಾತು. ಗಡಿಯವರಾದ ನಮಗೆ ಇದೇ ದೊಡ್ಡ ಅನುಮಾನ. ಎರಡು ಭಾಷೆ ಕೇಳುವುದರಿಂದ ಆಟಿಸಂ ಬರುವುದಿಲ್ಲ. ಆಟಿಸಂ ಇರುವ ಮಗುವಿನ ಮಾತು ಅದರಿಂದ ಇನ್ನಷ್ಟು ಹಿಂದೆ ಬೀಳುತ್ತದೆ ಎಂಬುದೂ ವಿವಿಧ ದೇಶಗಳ ಅಧ್ಯಯನಗಳಲ್ಲಿ ಕಂಡುಬಂದಿಲ್ಲ. ಅಜ್ಜಿ ಕನ್ನಡದಲ್ಲಿ ಮುದ್ದಿಸುವುದನ್ನು ನಿಲ್ಲಿಸಬೇಕಿಲ್ಲ.

ಗಮನಿಸಬೇಕಾದ್ದು ಬೇರೆ. ವರ್ಷ ತುಂಬಿದರೂ ಹೆಸರು ಕೂಗಿದರೆ ತಿರುಗದಿರುವುದು, ಒಂದೂವರೆ ವರ್ಷವಾದರೂ ಬೇಕಾದ್ದನ್ನು ಬೆರಳಿಟ್ಟು ತೋರಿಸದಿರುವುದು, ಎರಡು ವರ್ಷಕ್ಕೂ ಎರಡು ಪದ ಕೂಡಿಸದಿರುವುದು, ಬಂದ ಮಾತು ನಿಂತುಹೋಗುವುದು. ಇಂಥದ್ದು ಕಂಡರೆ ಮೊದಲು ಕಿವಿ ಪರೀಕ್ಷೆ ಮಾಡಿಸಿ. ಕಿವಿ ಸರಿಯಿದೆ ಎಂದು ಸುಮ್ಮನಾಗಬೇಡಿ. ಮೈಸೂರಿನ ವಾಕ್ ಶ್ರವಣ ಸಂಸ್ಥೆಗೋ ಬೆಂಗಳೂರಿನ ನಿಮ್ಹಾನ್ಸ್‌ಗೋ ಮಗುವನ್ನು ಒಮ್ಮೆ ತೋರಿಸಿ.