ಮಾಲ್ ಕಟ್ಟಿದವನ ಊರು

ಮಿನ್ನೆಸೋಟಾಕ್ಕೆ ನಾವು ಬಂದಿಳಿದ ವರ್ಷ ಮಗಳಿಗೆ ನಾಲ್ಕು, ಮಗನಿಗೆ ಎರಡು. ಜನವರಿಯಲ್ಲಿ ಹೊರಗೆ ಮೈನಸ್ ಇಪ್ಪತ್ತೈದು ಡಿಗ್ರಿ. ಕೋಟು, ಟೋಪಿ, ಗ್ಲೌಸು, ಬೂಟು ಹಾಕಿಸುವುದಕ್ಕೇ ಅರ್ಧ ಗಂಟೆ. ಹಾಕಿಸಿ ಮುಗಿಸುವಷ್ಟರಲ್ಲಿ ಇಬ್ಬರಲ್ಲಿ ಒಬ್ಬರಿಗೆ ಬಾತ್‌ರೂಮಿಗೆ ಹೋಗಬೇಕು. ಅಪಾರ್ಟ್‌ಮೆಂಟಿನಲ್ಲಿ ಓಡಿದರೆ ಕೆಳಗಿನ ಮನೆಯವರು ಛಾವಣಿ ಕುಟ್ಟುತ್ತಿದ್ದರು. ಹಾಗಾಗಿ ಶನಿವಾರ ಬಂತೆಂದರೆ ಈಡೈನಾದ ಸೌತ್‌ಡೇಲ್ ಮಾಲ್. ಕೊಳ್ಳುವುದಕ್ಕಲ್ಲ, ಓಡುವುದಕ್ಕೆ. ಒಂದು ಪ್ರೆಟ್ಜೆಲ್ ಕೊಂಡು ಹಂಚಿಕೊಂಡರೆ ನಮ್ಮ ವ್ಯಾಪಾರ ಮುಗಿಯಿತು.

ಆ ಚಳಿಗಾಲ ತಿಪಟೂರಿನಿಂದ ಅಮ್ಮನೂ ಬಂದಿದ್ದರು. ಸೀರೆಯ ಮೇಲೆ ಜಾಕೆಟ್, ಕಾಲಿಗೆ ಸೊಸೆಯ ಸ್ಪೋರ್ಟ್ಸ್ ಶೂ. ಎರಡು ಸುತ್ತು ಹಾಕಿದ ಮೇಲೆ ಬೆಂಚಿನಲ್ಲಿ ಕೂತು ಮೆಲ್ಲಗೆ ಕೇಳಿದರು: "ಏನೂ ತಗೊಳ್ದೆ ಸುಮ್ನೆ ಓಡಾಡ್ತಿದ್ರೆ ಇವ್ರು ಏನೂ ಅನ್ನಲ್ವೇನೋ?" ನಾನು ನಕ್ಕುಬಿಟ್ಟೆ. ಆ ಪ್ರಶ್ನೆಯ ಹಿಂದೆ ಒಂದು ಇತಿಹಾಸವೇ ಇದೆಯೆಂದು ತಿಳಿಯಲು ನನಗೆ ವರ್ಷಗಳೇ ಹಿಡಿದವು.

ಸೌತ್‌ಡೇಲ್ ಅಂತಿಂಥ ಮಾಲ್ ಅಲ್ಲ. 1956ರ ಅಕ್ಟೋಬರ್ 8ರಂದು ಬಾಗಿಲು ತೆರೆದ ಇದು, ಪೂರ್ತಿ ಸೂರಿನಡಿಯ ಹವಾನಿಯಂತ್ರಿತ ಮಾಲ್‌ಗಳಲ್ಲಿ ಅಮೆರಿಕಕ್ಕೇ ಮೊದಲನೆಯದು. ವಿನ್ಯಾಸ ಮಾಡಿದವನು ವಿಕ್ಟರ್ ಗ್ರೂಯೆನ್. 1903ರಲ್ಲಿ ವಿಯೆನ್ನಾದ ಯಹೂದಿ ಕುಟುಂಬದಲ್ಲಿ ಹುಟ್ಟಿದವನು. ಆಗಿನ ಹೆಸರು ಗ್ರೂನ್‌ಬೌಮ್. ವೃತ್ತಿ ವಾಸ್ತುಶಿಲ್ಪ, ಹುಚ್ಚು ರಾಜಕೀಯ ವಿಡಂಬನೆಯ ಕ್ಯಾಬರೆ. 1938ರಲ್ಲಿ ಹಿಟ್ಲರ್ ಆಸ್ಟ್ರಿಯಾವನ್ನು ನುಂಗಿದಾಗ ತಪ್ಪಿಸಿಕೊಂಡು ನ್ಯೂಯಾರ್ಕ್ ಸೇರಿದ.

ಅಮೆರಿಕದ ಉಪನಗರಗಳು ಅವನಿಗೆ ಹಿಡಿಸಲಿಲ್ಲ. ಮನೆ, ಕಾರು, ಹೆದ್ದಾರಿ, ಮತ್ತೆ ಮನೆ; ನಡುವೆ ಮನುಷ್ಯರು ಒಬ್ಬರಿಗೊಬ್ಬರು ಎದುರಾಗುವ ಜಾಗವೇ ಇಲ್ಲ. ವಿಯೆನ್ನಾದ ಚೌಕಗಳನ್ನು, ಕಾಫಿ ಮನೆಗಳನ್ನು ಕಂಡವನಿಗೆ ಇದು ಊರು ಅನ್ನಿಸಲಿಲ್ಲ. ಡೇಟನ್ ಡಿಪಾರ್ಟ್‌ಮೆಂಟ್ ಸ್ಟೋರಿನ ಮಾಲೀಕರು ಕೆಲಸ ಒಪ್ಪಿಸಿದಾಗ ಅವನು ಹವೆಯ ಲೆಕ್ಕ ಹಾಕಿದ: ಇಲ್ಲಿ ಹಾಯಾಗಿ ಪೇಟೆ ಸುತ್ತಬಹುದಾದ ದಿನಗಳು ವರ್ಷಕ್ಕೆ ಬರೀ 126. ಹಾಗಾದರೆ ಪೇಟೆ ಬೀದಿಯನ್ನೇ ಒಳಗೆ ತಂದುಬಿಡೋಣ ಎಂದ. ನಡುವಿನ ಅಂಗಳಕ್ಕೆ ಗಿಡಮರ, ಮೀನಿನ ಕೊಳ, ದೊಡ್ಡ ಹಕ್ಕಿಪಂಜರ, ಕೆಫೆ, ಹ್ಯಾರಿ ಬರ್ಟೋಯಾನ ಲೋಹದ ಬಂಗಾರದ ಮರಗಳು. ಸುತ್ತ 72 ಅಂಗಡಿ. ಅದರ ಸುತ್ತ 5,200 ಕಾರು ನಿಲ್ಲುವಷ್ಟು ಬಯಲು. ಕಾರುಗಳನ್ನು ಕಂಡರಾಗದ ಗ್ರೂಯೆನ್‌ನ ಬೀದಿಗೆ ಕಾರಿಲ್ಲದೆ ಬರುವಂತಿರಲಿಲ್ಲ!

ಅವನ ನಕ್ಷೆ ಅಷ್ಟಕ್ಕೇ ನಿಂತಿರಲಿಲ್ಲ. ಮಾಲ್‌ನ ಸುತ್ತ ಮನೆಗಳು, ಶಾಲೆ, ಆಸ್ಪತ್ರೆ, ಉದ್ಯಾನ, ಕೆರೆ, ಹೀಗೆ ಒಂದು ಇಡೀ ಊರು. ಅವನು ಬರೆದಂಥ ಊರು ಎದ್ದುಬರಲಿಲ್ಲ. ಅಂಗಡಿಯ ಭಾಗವನ್ನು ಮಾತ್ರ ದೇಶವಿಡೀ ನಕಲು ಹೊಡೆಯಿತು. ಇದಕ್ಕೆ ದುರಾಸೆಯೊಂದೇ ಕಾರಣವಲ್ಲ. 1954ರ ತೆರಿಗೆ ಕಾಯ್ದೆಯ ಪ್ರಕಾರ ಹೊಸ ಕಟ್ಟಡದ ಸವಕಳಿಯನ್ನು ಮೊದಮೊದಲ ವರ್ಷಗಳಲ್ಲೇ ಹೆಚ್ಚಾಗಿ ತೋರಿಸಿ ತೆರಿಗೆ ಉಳಿಸಬಹುದಿತ್ತು. ಹಳೆಯ ಪೇಟೆಯನ್ನು ರಿಪೇರಿ ಮಾಡುವುದಕ್ಕಿಂತ ಊರಾಚೆಯ ಹೊಲದಲ್ಲಿ ಹೊಸದು ಕಟ್ಟುವುದೇ ಲಾಭ.

ಮಕ್ಕಳು ಬೆಳೆದಂತೆ ಅವರಿಗೆ ಸೌತ್‌ಡೇಲ್ ಸಪ್ಪೆಯಾಯಿತು. ಕಾರಿನಲ್ಲಿ ಕಾಲು ಗಂಟೆ ಹೋದರೆ ಬ್ಲೂಮಿಂಗ್ಟನ್. ಅಲ್ಲಿ 1992ರಲ್ಲಿ ತೆರೆದ ಮಾಲ್ ಆಫ್ ಅಮೆರಿಕ, ಹೊಟ್ಟೆಯೊಳಗೆ ರೋಲರ್ ಕೋಸ್ಟರ್ ಇಟ್ಟುಕೊಂಡ ಮಾಲ್. ಮೊದಲು ಅಲ್ಲಿದ್ದದ್ದು ಮೆಟ್ರೊಪಾಲಿಟನ್ ಸ್ಟೇಡಿಯಂ, ಸೌತ್‌ಡೇಲ್ ತೆರೆದ 1956ರಲ್ಲೇ ತೆರೆದದ್ದು. ಬೇಸ್‌ಬಾಲ್ ಬ್ಯಾಟುಗಾರ ನಿಲ್ಲುತ್ತಿದ್ದ ಜಾಗದ ಗುರುತಿಗೆ ನೆಲದಲ್ಲೊಂದು ಫಲಕವಿದೆ. 1967ರಲ್ಲಿ ಹಾರ್ಮನ್ ಕಿಲ್ಲಬ್ರೂ ಹೊಡೆದ ಚೆಂಡು 520 ಅಡಿ ಹೋಗಿ ಬಿದ್ದ ಕಡೆ, ಎದುರು ಗೋಡೆಯ ಮೇಲೆತ್ತರದಲ್ಲಿ ಕೆಂಪು ಕುರ್ಚಿಯೊಂದು ಒಂಟಿಯಾಗಿ ನೇತಾಡುತ್ತದೆ. ಮಗ ಪ್ರತಿ ಸಲ ಫಲಕದ ಮೇಲೆ ನಿಂತು, ಇಲ್ಲದ ಬ್ಯಾಟು ಬೀಸಿ, ಆ ಕುರ್ಚಿಯತ್ತ ನೋಡುತ್ತಿದ್ದ. ಸುತ್ತಲಿನವರು ಕಾಲು ತಪ್ಪಿಸಿಕೊಂಡು ಹೋಗುತ್ತಿದ್ದರು.

ಮಗಳಿಗೆ ಹದಿನಾಲ್ಕಾದಾಗ ಗೆಳತಿಯರೊಡನೆ ಶುಕ್ರವಾರ ಸಂಜೆ ಅಲ್ಲಿಗೆ ಹೋಗುವ ಆಸೆ. 1996ರಲ್ಲಿ ಶುರುವಾದ ನಿಯಮವೊಂದು ಆಗ ಅಲ್ಲಿತ್ತು: ವಾರಾಂತ್ಯದ ಸಂಜೆ ಹದಿನಾರು ತುಂಬದವರ ಜೊತೆ ದೊಡ್ಡವರು ಇರಲೇಬೇಕಿತ್ತು. ನಾನು ಹೋದೆ, ಅವರ ಗುಂಪಿನಿಂದ ಇಪ್ಪತ್ತು ಹೆಜ್ಜೆ ಹಿಂದೆ, ಪರಿಚಯವಿಲ್ಲದವನಂತೆ. ಈ ನಿಯಮ ಮಾಡಲು ಇವರು ಯಾರು ಎಂದು ಬೆಂಚಿನಲ್ಲಿ ಕೂತು ಫೋನಿನಲ್ಲಿ ಹುಡುಕುತ್ತಿದ್ದಾಗ ಸಿಕ್ಕಿದ್ದು 1999ರ ಮಿನ್ನೆಸೋಟಾ ಸುಪ್ರೀಂ ಕೋರ್ಟಿನ ತೀರ್ಪು. ತುಪ್ಪಳದ ಉಡುಪು ಮಾರುವುದನ್ನು ವಿರೋಧಿಸಿ ಕೆಲವರು ಈ ಮಾಲ್‌ನೊಳಗೆ ಪ್ರತಿಭಟಿಸಿದ್ದರು. ಸಾರ್ವಜನಿಕರ ಹಣದ ನೆರವಿನಿಂದ ಎದ್ದ ಜಾಗ, ಹಾಗಾಗಿ ಊರಿನ ಚೌಕವಿದ್ದಂತೆ ಎಂಬುದು ಅವರ ವಾದ. ನ್ಯಾಯಾಲಯ ಒಪ್ಪಲಿಲ್ಲ: ಇದು ಖಾಸಗಿ ಸ್ವತ್ತು, ಇಲ್ಲಿ ವಾಕ್ ಸ್ವಾತಂತ್ರ್ಯದ ಹಕ್ಕು ನಡೆಯದು. ಅಮ್ಮ ಸೌತ್‌ಡೇಲ್‌ನ ಬೆಂಚಿನಲ್ಲಿ ಕೇಳಿದ್ದು ಇದನ್ನೇ. ತಿಪಟೂರಿನ ಸಂತೆಯಲ್ಲಿ ಬರಿಗೈಲಿ ಅಡ್ಡಾಡುವಾಗ ಅವರಿಗೆ ಈ ಅನುಮಾನ ಬಂದಿರಲಿಕ್ಕಿಲ್ಲ.

ಗ್ರೂಯೆನ್ 1968ರಲ್ಲಿ ವಿಯೆನ್ನಾಕ್ಕೆ ಮರಳಿದ. ಅಲ್ಲಿಯೂ ಬಿಡಲಿಲ್ಲ, 1976ರಲ್ಲಿ ನಗರದ ದಕ್ಷಿಣಕ್ಕೆ ಭಾರಿ ಮಾಲ್ ಒಂದು ತೆರೆಯಿತು. 1978ರಲ್ಲಿ ಲಂಡನ್ನಿನ ಭಾಷಣವೊಂದರಲ್ಲಿ, ಇವುಗಳ ತಂದೆಯೆಂದು ತನ್ನನ್ನು ಕರೆಯುವುದು ಬೇಡವೆಂದು ಕೈತೊಳೆದುಕೊಂಡ. 1980ರಲ್ಲಿ ತೀರಿಕೊಂಡ. ಅವನ ಸಿಟ್ಟು ನ್ಯಾಯವಾದದ್ದೇ. ಆದರೂ ಪೂರ್ತಿ ಅವನ ಪಕ್ಷ ವಹಿಸಲು ನನ್ನಿಂದ ಆಗುವುದಿಲ್ಲ.

ಕಳೆದ ಡಿಸೆಂಬರಿನಲ್ಲಿ ಮಗಳು ಕಾಲೇಜಿನಿಂದ ರಜೆಗೆ ಬಂದವಳು ಸೌತ್‌ಡೇಲ್‌ಗೆ ಹೋಗೋಣ ಎಂದಳು. ಬಂಗಾರದ ಮರಗಳು ಇನ್ನೂ ಇವೆ. ಎಸ್ಕಲೇಟರ್ ಪಕ್ಕ ತಾನು ಬಿದ್ದು ತುಟಿ ಒಡೆದುಕೊಂಡ ಜಾಗ, ಅಜ್ಜಿ ಕೂರುತ್ತಿದ್ದ ಕಡೆ, ಒಂದೊಂದನ್ನೂ ತೋರಿಸಿದಳು. "ನಿಂಗೆ ತಿಪಟೂರಲ್ಲಿ ನಿಮ್ಮ ಬೀದಿ ಇತ್ತಲ್ಲ ಅಪ್ಪ, ನಮ್ಗೆ ಇದು" ಎಂದಳು. ತೀರ್ಪಿನ ಮಾತು ನಾನೆತ್ತಲಿಲ್ಲ. ಪ್ರೆಟ್ಜೆಲ್ ಅಂಗಡಿ ಇನ್ನೂ ಇದೆಯಾ ನೋಡೋಣವೆಂದು ಮುಂದೆ ನಡೆದೆವು.